ಕ್ವಾರ್ಕುಗಳ ಗಣನೆಯೂ ಪ್ರಕೃತಿಯ ಸಾಕ್ಷ್ಯವೂ



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿಯೇ ನಿರೂಪಿಸಬೇಕೆಂಬ ನಿಬಂಧನೆಯೊಡನೆ ಹಿರಿಯರು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ್ದಾರೆ. ಅವರ ಆಶಯಕ್ಕೆ ಒಪ್ಪುವಂತೆ, ನಮ್ಮ ಈ ಹೈದರಾಬಾದಿನೊಡನೆ ನೇರವಾದ ಸಂಬಂಧವಿದ್ದರೂ ಊರಿನ ಬಹುಜನಕ್ಕೆ ಅಪರಿಚಿತವಾಗಿಯೇ ಉಳಿದಿರುವ ಒಂದು ಬೌದ್ಧಿಕ ಸಾಹಸವನ್ನು ಇಂದಿನ ಉಪನ್ಯಾಸಕ್ಕೆ ವಸ್ತುವಾಗಿ ಆರಿಸಿಕೊಂಡಿದ್ದೇನೆ. ಕ್ವಾರ್ಕುಗಳೆಂಬ ಮೂಲಕಣಗಳ ವ್ಯವಹಾರವನ್ನು ಗಣಕಯಂತ್ರದೊಳಗೆ ಅನುಕರಿಸಿ, ಆ ಅನುಕರಣದಿಂದ ಹೊರಬಂದ ಸಂಖ್ಯೆಗಳನ್ನು ಪ್ರಯೋಗಶಾಲೆಯಲ್ಲಿ ಅಳೆದ ಕಣಗಳ ಗುಣಗಳೊಡನೆ ಹೊಂದಿಸಿ ನೋಡುವ ಕಾರ್ಯವೇ ಅದು. ಯಂತ್ರ ಕೊಡುವುದು ಬರಿಯ ಅಂಕಿಯನ್ನು. ಆ ಅಂಕಿ ಪ್ರಕೃತಿಯನ್ನು ಕುರಿತ ಜ್ಞಾನವಾಗುವುದು ಯಾವಾಗ, ಯಾವ ಅಧಿಕಾರದಿಂದ, ಎಂಬುದೇ ನನ್ನ ಪ್ರಶ್ನೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಇಂದು ಮುಂಬಯಿಯ ಹೆಸರಿನೊಡನೆ ಬೆರೆತುಹೋಗಿದ್ದರೂ ಅದರ ಜನನವಾದದ್ದು 1945ರ ಜೂನ್ ತಿಂಗಳಿನಲ್ಲಿ, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಹೋಮಿ ಭಾಭಾ ಅವರು ಅಲ್ಲಿ ನಡೆಸುತ್ತಿದ್ದ ವಿಶ್ವಕಿರಣ ಸಂಶೋಧನೆಯ ಮಡಿಲಿನಲ್ಲಿ. ಕೆಲವೇ ತಿಂಗಳುಗಳಲ್ಲಿ ಮುಂಬಯಿಗೆ ತೆರಳಿದ ಆ ಸಂಸ್ಥೆ ಮುಂದೆ ಹೈದರಾಬಾದನ್ನು ತನ್ನ ಬೆಲೂನುಗಳ ನೆಲೆಯನ್ನಾಗಿ ಮಾಡಿಕೊಂಡಿತು. ವಿಶ್ವಕಿರಣಗಳ ಜಾಡು ಹಿಡಿಯುವ ಉಪಕರಣಗಳನ್ನು ಹೊತ್ತ ಬೃಹತ್ ಬೆಲೂನುಗಳು ಈ ಊರಿನ ನೆಲದಿಂದ ವಾಯುಮಂಡಲದ ಮೇಲಣ ಪದರಗಳಿಗೆ ಏರಿದುವು. ಅದೇ ಸಂಸ್ಥೆ ಕಳೆದ ದಶಕದಲ್ಲಿ ಇದೇ ಹೈದರಾಬಾದಿನಲ್ಲಿ ಕ್ರೇ ಎಕ್ಸ್‌ಸಿ30 ಎಂಬ ಮಹಾಗಣಕವನ್ನು ನೆಲೆಗೊಳಿಸಿತು. ಅದರಲ್ಲಿ 476 ಘಟಕಗಳು. ಪ್ರತಿಯೊಂದು ಘಟಕದಲ್ಲಿಯೂ ಒಂದು ಪ್ರೊಸೆಸರು, ಅದರ ಜೊತೆಗೆ ಚಿತ್ರಗಳನ್ನು ಮೂಡಿಸುವುದಕ್ಕೆಂದು ಹುಟ್ಟಿ ಗಣಿತಕ್ಕೆ ಒಗ್ಗಿಕೊಂಡ ಒಂದು ಜಿ.ಪಿ.ಯು.; ಎಲ್ಲವೂ ಕೂಡಿದಾಗ ಒಂದು ಸೆಕೆಂಡಿಗೆ ಸುಮಾರು 559 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಶಕ್ತಿ. 2015ರ ಸುಮಾರಿಗೆ ಜಗತ್ತಿನ ಅತಿವೇಗದ ಐನೂರು ಗಣಕಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿತ್ತು. ನಮ್ಮ ದೇಶದ ಸಂಶೋಧಕರು ಒಟ್ಟುಗೂಡಿ ಕಟ್ಟಿಕೊಂಡ ‘ಇಂಡಿಯನ್ ಲ್ಯಾಟಿಸ್ ಗೇಜ್ ಥಿಯರಿ ಇನಿಷಿಯೇಟಿವ್’ ಎಂಬ ಕೂಟವು ಕ್ವಾರ್ಕುಗಳ ಗಣನೆಗೆಂದು ಬಳಸಿದ ಯಂತ್ರ ಇದು.

ಇಷ್ಟು ದೊಡ್ಡ ಯಂತ್ರವನ್ನು ಬೇಡುವ ಪ್ರಶ್ನೆಯನ್ನು ಒಂದು ಮಗುವೂ ಕೇಳಬಹುದು: ಪ್ರೋಟಾನಿನ ತೂಕ ಇಷ್ಟೇ ಏಕೆ? ತೂಕವೆಷ್ಟೆಂಬುದು ನಮಗೆ ಗೊತ್ತು. ಕಣವಿಜ್ಞಾನಿಗಳು ಬಳಸುವ ಮಾನದಲ್ಲಿ ಅದು 938.27 ಮಿಲಿಯನ್ ಎಲೆಕ್ಟ್ರಾನ್ ವೋಲ್ಟು. ಈ ಮಾನವನ್ನು ಇನ್ನು ಮುಂದೆ ಎಂ.ಇ.ವಿ. ಎಂದು ಕರೆಯುತ್ತೇನೆ. 1964ರಲ್ಲಿ ಮರ್ರೆ ಗೆಲ್‌ಮನ್, ಜಾರ್ಜ್ ಜ್ವೈಗ್ ಇಬ್ಬರೂ ಪ್ರತ್ಯೇಕವಾಗಿ ಊಹಿಸಿದಂತೆ ಪ್ರೋಟಾನು ಎರಡು ‘ಅಪ್’ ಕ್ವಾರ್ಕು, ಒಂದು ‘ಡೌನ್’ ಕ್ವಾರ್ಕುಗಳಿಂದ ಆದದ್ದು. ಅಪ್ ಕ್ವಾರ್ಕಿನ ದ್ರವ್ಯರಾಶಿ ಎರಡು ಎಂ.ಇ.ವಿ.ಗಿಂತ ತುಸು ಹೆಚ್ಚು, ಡೌನ್ ಕ್ವಾರ್ಕಿನದು ಐದಕ್ಕಿಂತ ತುಸು ಕಡಿಮೆ. ಮೂರನ್ನೂ ಕೂಡಿದರೆ ಒಂಬತ್ತರ ಸುಮಾರು. ಪ್ರೋಟಾನಿನ ತೂಕದಲ್ಲಿ ಇದು ನೂರಕ್ಕೆ ಒಂದು ಪಾಲು ಮಾತ್ರ. ಉಳಿದುದರ ಬಹುಭಾಗವು ಕ್ವಾರ್ಕುಗಳ ಚಲನೆಯಲ್ಲಿಯೂ ಅವುಗಳನ್ನು ಬಂಧಿಸುವ ಗ್ಲುಆನ್ ಕ್ಷೇತ್ರದಲ್ಲಿಯೂ ಹುದುಗಿರುವ ಶಕ್ತಿ. ಈ ಸಭಾಂಗಣದ ಕಂಬಗಳ, ನಮ್ಮ ನಿಮ್ಮ ದೇಹಗಳ ತೂಕವೆಲ್ಲವೂ ಬಹುಮಟ್ಟಿಗೆ ಈ ಬಂಧನಶಕ್ತಿಯ ತೂಕವೇ ಎಂಬುದನ್ನು ಎಷ್ಟು ಸಲ ಮನನ ಮಾಡಿದರೂ ನನ್ನ ವಿಸ್ಮಯ ಕಡಮೆಯಾಗಿಲ್ಲ.

ಈ ಬಂಧನದ ನಿಯಮವೇನೋ ತಿಳಿದಿದೆ. ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್, ಡೇವಿಡ್ ಪೊಲಿಟ್ಸರ್ ಎಂಬವರು 1973ರಲ್ಲಿ ತೋರಿಸಿದಂತೆ ಕ್ವಾರ್ಕುಗಳು ಪರಸ್ಪರ ಹತ್ತಿರ ಬಂದಷ್ಟೂ ಅವುಗಳ ನಡುವಣ ಬಲ ಕ್ಷೀಣಿಸುತ್ತದೆ, ದೂರ ಸರಿದಷ್ಟೂ ಪ್ರಬಲವಾಗುತ್ತದೆ. ಕ್ಷೀಣವಾದ ಬಲವನ್ನು ಲೇಖನಿ ಕಾಗದಗಳಿಂದಲೇ, ಹಂತಹಂತವಾಗಿ ತಿದ್ದಿಕೊಳ್ಳುತ್ತ ಲೆಕ್ಕಹಾಕಬಹುದು. ಆದರೆ ಪ್ರೋಟಾನಿನ ಒಳಗೆ ಬಲವು ಪ್ರಬಲವಾಗಿರುವುದರಿಂದ ಒಂದೊಂದು ತಿದ್ದುಪಡಿಯೂ ಹಿಂದಿನದರಷ್ಟೇ ದೊಡ್ಡದಾಗಿ ಆ ಮಾರ್ಗವು ಮುರಿದುಬೀಳುತ್ತದೆ. ಸಮೀಕರಣವು ಒಂದೇ ಸಾಲಿನಲ್ಲಿ ಬರೆಯುವಷ್ಟು ಚಿಕ್ಕದು, ಅದರ ಉತ್ತರವನ್ನು ಪಡೆಯುವ ದಾರಿಯೇ ಮುಚ್ಚಿಹೋದದ್ದು: 1974ರಲ್ಲಿ ಕೆನೆತ್ ವಿಲ್ಸನ್ ಎದುರಿಸಿದ ಸಂಕಟ ಇದು.

ವಿಲ್ಸನ್ನರು ಮಾಡಿದುದಿಷ್ಟು. ಅವಿಚ್ಛಿನ್ನವಾದ ದೇಶಕಾಲಗಳನ್ನು ನಾಲ್ಕು ಆಯಾಮಗಳ ಒಂದು ಜಾಲಕವನ್ನಾಗಿ ಕಲ್ಪಿಸಿ, ಕ್ವಾರ್ಕುಗಳನ್ನು ಅದರ ಗಂಟುಗಳಲ್ಲಿಯೂ ಗ್ಲುಆನುಗಳನ್ನು ಗಂಟುಗಳನ್ನು ಕೂಡಿಸುವ ಎಳೆಗಳಲ್ಲಿಯೂ ನಿಲ್ಲಿಸಿದರು. ಅನಂತ ಬಿಂದುಗಳ ಸಮಸ್ಯೆಯು ಹೀಗೆ ಸಾಂತವಾಯಿತು. ಸಾಂತವಾಯಿತೆಂದ ಮಾತ್ರಕ್ಕೆ ಸುಲಭವಾಗಲಿಲ್ಲ. ಭಾರತೀಯ ಕೂಟವು ಬಳಸಿದ ಜಾಲಕಗಳಲ್ಲಿ ಒಂದು, ದೇಶದ ಮೂರು ದಿಕ್ಕುಗಳಲ್ಲಿಯೂ 48 ಗಂಟುಗಳು, ಕಾಲದ ದಿಕ್ಕಿನಲ್ಲಿ 144 ಗಂಟುಗಳು ಉಳ್ಳದ್ದು. ಗುಣಿಸಿ ನೋಡಿದರೆ ಗಂಟುಗಳು ಸುಮಾರು 1.6 ಕೋಟಿ, ಪ್ರತಿ ಗಂಟಿನಿಂದ ಹೊರಡುವ ನಾಲ್ಕು ಎಳೆಗಳಲ್ಲಿ ಒಂದೊಂದಕ್ಕೂ ಎಂಟು ಸ್ವತಂತ್ರ ಪರಿಮಾಣಗಳು, ಒಟ್ಟು 51 ಕೋಟಿಯಷ್ಟು ಅವ್ಯಕ್ತಗಳ ಮೇಲೆ ಏಕಕಾಲದಲ್ಲಿ ಸಂಕಲನ ಮಾಡಬೇಕು. ಆ ಜಾಲಕದ ಒಟ್ಟು ಅಗಲವಾದರೋ, ಕಣವಿಜ್ಞಾನಿಗಳ ಉದ್ದದ ಮಾನದಲ್ಲಿ, 2.8 ಫೆರ್ಮಿ, ಎಂದರೆ ಒಂದು ಪ್ರೋಟಾನಿನ ವ್ಯಾಸದ ಎರಡರಷ್ಟೂ ಇಲ್ಲ. ಇಂಥ ಸಂಕಲನವನ್ನು ಪೂರ್ಣವಾಗಿ ಮಾಡಿ ಮುಗಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದುದರಿಂದ ಸಂಭಾವ್ಯತೆಯ ಮೊರೆಹೊಕ್ಕು, ಕ್ಷೇತ್ರದ ಅಸಂಖ್ಯಾತ ವಿನ್ಯಾಸಗಳಲ್ಲಿ ಪ್ರಕೃತಿಯು ಹೆಚ್ಚಾಗಿ ಆರಿಸಿಕೊಳ್ಳಬಹುದಾದ ಕೆಲವು ನೂರು ಅಥವಾ ಕೆಲವು ಸಾವಿರ ವಿನ್ಯಾಸಗಳನ್ನು ಮಾದರಿಯಾಗಿ ತೆಗೆದು ಅವುಗಳ ಸರಾಸರಿಯನ್ನು ಪಡೆಯುತ್ತಾರೆ. 1980ರ ಸುಮಾರಿಗೆ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಮೈಕೆಲ್ ಕ್ರೂಟ್ಸ್ ಅವರು ಪುಟ್ಟ ಜಾಲಕಗಳ ಮೇಲೆ ಇದನ್ನು ಮಾಡಿ ತೋರಿಸಿದ ತರುವಾಯ ವಿಲ್ಸನ್ನರ ಕಲ್ಪನೆ ನಿಜವಾಗಿಯೂ ಗಣಕದ ಶಾಸ್ತ್ರವಾಯಿತು.

ಕಣದ ದ್ರವ್ಯರಾಶಿಯನ್ನು ಇದರಿಂದ ತೆಗೆಯುವ ಬಗೆ ಬಲು ಸೊಗಸಾದುದು. ಜಾಲಕದ ಒಂದು ಗಂಟಿನಲ್ಲಿ ಮೂರು ಕ್ವಾರ್ಕುಗಳನ್ನು ಹುಟ್ಟಿಸಿ, ಕಾಲದ ದಿಕ್ಕಿನಲ್ಲಿ ಕೆಲವು ಗಂಟುಗಳಾಚೆ ಅವನ್ನು ಅಳಿಸಿದರೆ, ಇವೆರಡು ಘಟನೆಗಳ ನಡುವಣ ಸಂಬಂಧದ ಬಲ ದೂರ ಹೆಚ್ಚಿದಂತೆ ಒಂದು ನಿಯತ ಪ್ರಮಾಣದಲ್ಲಿ ಕ್ಷಯಿಸುತ್ತದೆ. ಕ್ಷಯದ ವೇಗವೇ ದ್ರವ್ಯರಾಶಿ: ಭಾರವಾದ ಕಣದ ಸಂಬಂಧ ಬೇಗನೆ ಕ್ಷಯಿಸುವುದು, ಹಗುರವಾದುದರದು ನಿಧಾನವಾಗಿ.

ಆದರೆ ಇಲ್ಲಿಯೇ ಇಂದಿನ ಉಪನ್ಯಾಸದ ಮರ್ಮವಿದೆ. ಯಂತ್ರವು ಪ್ರೋಟಾನಿಗೆ 0.277 ಎಂಬ ಒಂದು ಅಂಕಿಯನ್ನು ಕೊಟ್ಟಿತೆಂದುಕೊಳ್ಳೋಣ. 0.277 ಏನು? ಗ್ರಾಮೇ, ಎಂ.ಇ.ವಿ.ಯೇ? ಯಾವುದೂ ಅಲ್ಲ. ಜಾಲಕದ ಎರಡು ಗಂಟುಗಳ ನಡುವಣ ಅಂತರವನ್ನು ಮಾನವಾಗಿಟ್ಟುಕೊಂಡಾಗ ಬಂದ ಶುದ್ಧಸಂಖ್ಯೆ ಅದು. ಆ ಅಂತರವು ಎಷ್ಟು ಫೆರ್ಮಿ ಎಂಬುದನ್ನು ಯಂತ್ರವು ಬಲ್ಲುದಲ್ಲ, ಬಲ್ಲುದಾಗುವ ಸಂಭವವೂ ಇಲ್ಲ. ನಿಜಾಮರ ಆಳ್ವಿಕೆಯ ಒಬ್ಬ ಪಟವಾರಿಯು ಹಳ್ಳಿಯ ಹೊಲಗಳನ್ನೆಲ್ಲ, ಉದ್ದವೆಷ್ಟೆಂದು ಯಾರಿಗೂ ತಿಳಿಯದ ಒಂದು ಸರಪಳಿಯಿಂದ ಅಳೆದು ದಫ್ತರದಲ್ಲಿ ಬರೆದಿಟ್ಟನೆಂದು ಭಾವಿಸಿ. ಯಾವ ಹೊಲ ಯಾವುದರ ಎಷ್ಟರಷ್ಟು ಎಂಬುದೆಲ್ಲ ಆ ದಫ್ತರದಿಂದ ಸ್ಪಷ್ಟವಾಗಿ ತಿಳಿಯುವುದು. ಒಂದೇ ಒಂದು ಹೊಲದ ವಿಸ್ತೀರ್ಣವು ಬೇರೊಂದು ನಂಬಲರ್ಹವಾದ ಕಡೆಯಿಂದ ಗೊತ್ತಾದೊಡನೆ ಸರಪಳಿಯ ಉದ್ದವೂ ತಿಳಿದು, ಹಳ್ಳಿಯ ಹೊಲಗಳೆಲ್ಲದರ ವಿಸ್ತೀರ್ಣವೂ ಎಕರೆ ಗುಂಟೆಗಳಲ್ಲಿ ಸಿಗುವುದು. ಜಾಲಕದ ಗಣಿತಕ್ಕೂ ಇಂಥ ಒಂದು ಗೊತ್ತಾದ ಹೊಲ ಬೇಕು. ಅದನ್ನು ಪ್ರಕೃತಿಯಿಂದಲೇ, ಪ್ರಯೋಗದ ಮುಖಾಂತರವಾಗಿ, ಎರವಲಾಗಿ ಪಡೆಯಬೇಕು.

ಯಾವುದನ್ನು ಎರವಲು ಪಡೆಯುವುದು ಎಂಬುದರಲ್ಲಿ ದೊಡ್ಡ ವಿವೇಕವಿದೆ. ಆರಿಸಿಕೊಳ್ಳುವ ಕಣವು ಪ್ರಯೋಗದಲ್ಲಿ ಖಚಿತವಾಗಿ ಅಳೆಯಲ್ಪಟ್ಟಿರಬೇಕು, ಜಾಲಕದ ಮೇಲೆ ಕಡಮೆ ಶ್ರಮದಿಂದ ದೊರೆಯಬೇಕು, ನಾವು ಇನ್ನೂ ಸರಿಯಾಗಿ ಹೊಂದಿಸಿರದ ಇತರ ಪರಿಮಾಣಗಳಿಂದ ಆದಷ್ಟು ಅಲಿಪ್ತವಾಗಿಯೂ ಇರಬೇಕು. ಮೂರು ಕ್ವಾರ್ಕುಗಳ ಕಣಗಳಿಗೆ ಬೇರಿಯಾನುಗಳೆಂದು ಹೆಸರು; ಮೂರು ‘ಸ್ಟ್ರೇಂಜ್’ ಕ್ವಾರ್ಕುಗಳಿಂದಾದ ಒಮೆಗಾ ಎಂಬ ಬೇರಿಯಾನು ಈ ಕಾರಣದಿಂದಲೇ ಅನೇಕರಿಗೆ ಪ್ರಿಯವಾಗಿದೆ. ಗೆಲ್‌ಮನ್ನರು ಮೊದಲೇ ಊಹಿಸಿದ್ದ ಆ ಕಣ 1964ರಲ್ಲಿ ಬ್ರೂಕ್‌ಹೇವನ್ನಿನಲ್ಲಿ ಗೋಚರಿಸಿತು. ಅದರ ದ್ರವ್ಯರಾಶಿ 1672 ಎಂ.ಇ.ವಿ. ಹಗುರವಾದ ಅಪ್, ಡೌನ್ ಕ್ವಾರ್ಕುಗಳು ಅದರ ಘಟಕಗಳಾಗಿಲ್ಲ. ಪ್ರಬಲ ಬಲದ ಮೂಲಕ ಅದು ಒಡೆಯುವುದೂ ಇಲ್ಲವಾದ್ದರಿಂದ ಯಂತ್ರದೊಳಗೆ ಸ್ಥಿರವಾಗಿ ನಿಲ್ಲುತ್ತದೆ. ಇದರಿಂದ ಜಾಲಕದ ಅಂತರ ನಿಶ್ಚಿತವಾಗುವುದು. ಆಮೇಲೆ ಒಂದೊಂದು ಬಗೆಯ ಕ್ವಾರ್ಕಿನ ದ್ರವ್ಯರಾಶಿಯನ್ನು ಹೊಂದಿಸುವುದಕ್ಕೂ ಒಂದೊಂದು ಎರವಲು ಬೇಕು: ಅಪ್ ಡೌನುಗಳಿಗೆ ಪಯಾನ್ ಎಂಬ ಕಣ, ಸ್ಟ್ರೇಂಜಿಗೆ ಕೇಯಾನ್ ಎಂಬ ಕಣ, ಭಾರವಾದ ಚಾರ್ಮ್ ಕ್ವಾರ್ಕಿಗೆ ಚಾರ್ಮ್ ಹಾಗೂ ಅದರ ಪ್ರತಿಕ್ವಾರ್ಕು ಕೂಡಿ ಆಗುವ ಎರಡು ಮೇಸಾನುಗಳ ಸರಾಸರಿ, ಸುಮಾರು 3068 ಎಂ.ಇ.ವಿ. ಭಾರತೀಯ ಕೂಟದ ಲೆಕ್ಕಗಳಲ್ಲಿ ಸ್ಟ್ರೇಂಜ್ ಕ್ವಾರ್ಕನ್ನು ಹೊಂದಿಸಿದ ಬಗೆ ಇನ್ನೂ ಕುತೂಹಲಕರವಾದುದು. ಸ್ಟ್ರೇಂಜ್ ಕ್ವಾರ್ಕು ತನ್ನದೇ ಪ್ರತಿಕ್ವಾರ್ಕಿನೊಡನೆ ಮಾತ್ರ ಕೂಡಿದ, 688.5 ಎಂ.ಇ.ವಿ. ತೂಗುವ ಒಂದು ಮೇಸಾನನ್ನು ಅವರು ಅಳತೆಗೋಲಾಗಿ ಇಟ್ಟುಕೊಂಡರು. ಅಂಥ ಮೇಸಾನು ಪ್ರಕೃತಿಯಲ್ಲಿ ಎಲ್ಲಿಯೂ ಶುದ್ಧರೂಪದಲ್ಲಿ ಇಲ್ಲ. ನಿಜವಾದ ಕಣಗಳಲ್ಲಿ ಅದು ಬೇರೆಯವುಗಳೊಡನೆ ಬೆರೆತುಹೋಗಿರುತ್ತದೆ. ಆದರೂ ಅಳೆಯಲ್ಪಟ್ಟ ಕಣಗಳಿಂದ ಸಿದ್ಧಾಂತದ ಸಹಾಯದಿಂದ ಅದರ ದ್ರವ್ಯರಾಶಿಯನ್ನು ಅನುಮಾನಿಸಬಹುದು. ಪ್ರತ್ಯಕ್ಷಕ್ಕೂ ಗಣನೆಗೂ ನಡುವೆ ಹೀಗೆ ಅನುಮಾನದ ಒಂದು ಮೆಟ್ಟಿಲು ಸೇರಿಕೊಳ್ಳುತ್ತದೆ, ಆ ಮೆಟ್ಟಿಲಿನ ಅನಿಶ್ಚಿತತೆಯನ್ನೂ ಅವರು ಲೆಕ್ಕದಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಎರವಲುಗಳು ಇಷ್ಟೇ. ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಮುಂದೆ ಬರಲಿರುವ ಬಾಟಮ್ ಎಂಬ ಐದು ಬಗೆಯ ಕ್ವಾರ್ಕುಗಳಲ್ಲಿ ಅಪ್ ಡೌನುಗಳನ್ನು ಸಮವೆಂದೆಣಿಸಿದರೆ ನಾಲ್ಕು ದ್ರವ್ಯರಾಶಿಗಳು, ಒಂದು ಅಂತರ. ಒಟ್ಟು ಐದು ಅಳತೆಗಳನ್ನು ಪ್ರಕೃತಿಯಿಂದ ಪಡೆದ ಮೇಲೆ ಯಂತ್ರವು ಕೊಡುವ ಮಿಕ್ಕ ಪ್ರತಿಯೊಂದು ಅಂಕಿಯೂ, ತಿದ್ದಲು ಎಡೆಯಿಲ್ಲದ ಭವಿಷ್ಯವಾಣಿ. ನೂರಾರು ಕಣಗಳಿವೆ, ಐದು ಎರವಲುಗಳಿವೆ: ಈ ವಿದ್ಯೆಯ ಗೌರವವೆಲ್ಲವೂ ಈ ಎರಡು ಸಂಖ್ಯೆಗಳ ಅಂತರದಲ್ಲಿ ನಿಂತಿದೆ ಎಂದು ನಾನು ಭಾವಿಸುತ್ತೇನೆ. ಪರಿಮಾಣಗಳನ್ನು ಮನಬಂದಷ್ಟು ಸೇರಿಸಿಕೊಂಡು ಪ್ರಯೋಗದ ಫಲಗಳಿಗೆ ಹೊಂದಿಸುವ ಮಾದರಿಗಳು ಎಷ್ಟೋ ಇದ್ದುವು. ಅವು ಉಪಯುಕ್ತವೂ ಆಗಿದ್ದುವು. ಆದರೆ ಹೊಂದಿಸಿಕೊಂಡದ್ದನ್ನು ಹೊಂದಿಕೆಯಾಯಿತೆಂದು ಹೇಳುವುದಕ್ಕೂ, ಐದನ್ನು ಕೈಬಿಚ್ಚಿ ತೋರಿಸಿ ಆರನೆಯದನ್ನು ನುಡಿಯುವುದಕ್ಕೂ ಬಹಳ ದೂರವಿದೆ.

ಜಾಲಕವೆಂಬುದು ಮನುಷ್ಯಕಲ್ಪಿತವಾದುದು, ಪ್ರಕೃತಿಯದಲ್ಲ. ಆದುದರಿಂದ ಒಂದೇ ಜಾಲಕದ ಮೇಲೆ ಬಂದ ಅಂಕಿಯನ್ನು ನಂಬಲಾಗದು. ಭಾರತೀಯ ಕೂಟವು ಬಳಸಿದ ಮೂರು ಜಾಲಕಗಳ ಅಂತರಗಳು ಸುಮಾರಾಗಿ 0.12, 0.09, 0.06 ಫೆರ್ಮಿ, ಮೂರರಲ್ಲಿಯೂ ಅದೇ ಕಣವನ್ನು ಲೆಕ್ಕಹಾಕಿ, ಅಂತರ ಸೊನ್ನೆಯಾದರೆ ಉತ್ತರವೆಲ್ಲಿಗೆ ಮುಟ್ಟುವುದೆಂದು ಕಂಡುಕೊಳ್ಳಬೇಕು. ಈ ಜಾಲಕಗಳ ಗ್ಲುಆನ್ ವಿನ್ಯಾಸಗಳನ್ನು ಸಿದ್ಧಪಡಿಸಿದವರು ಅಮೆರಿಕದ ‘ಮಿಲ್ಕ್’ ಎಂಬ ತಂಡದವರು. ಅವರು ವರ್ಷಗಳ ಯಂತ್ರಶ್ರಮದಿಂದ ಪಡೆದುದನ್ನು ಇತರರಿಗೂ ತೆರೆದಿಟ್ಟರು, ಅದರ ಮೇಲೆ ನಮ್ಮವರು ಬೇರೊಂದು ಬಗೆಯ ಕ್ವಾರ್ಕು ಗಣಿತವನ್ನು ನಡೆಯಿಸಿದರು. ವಿಜ್ಞಾನಿಗಳ ಈ ಔದಾರ್ಯ ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ಅದಿಲ್ಲದಿದ್ದರೆ ನಮ್ಮಂಥ ದೇಶಗಳಲ್ಲಿ ಈ ಕಾರ್ಯ ಎಷ್ಟೋ ಕಾಲ ಹಿಂದೆ ಬಿದ್ದಿರುತ್ತಿತ್ತು.

ಮೊದಲಿನ ಎರಡು ದಶಕಗಳಲ್ಲಿ ಈ ವಿದ್ಯೆಯನ್ನು ಬಹುವಾಗಿ ಪೀಡಿಸಿದ ದೋಷವೊಂದಿತ್ತು. ಕ್ವಾಂಟಂ ಸಿದ್ಧಾಂತದ ಪ್ರಕಾರ ಶೂನ್ಯವು ಶೂನ್ಯವಲ್ಲ. ಕ್ವಾರ್ಕುಗಳೂ ಪ್ರತಿಕ್ವಾರ್ಕುಗಳೂ ಅಲ್ಲಿ ಕ್ಷಣಮಾತ್ರ ಹುಟ್ಟಿ ಲಯವಾಗುತ್ತಿರುತ್ತವೆ. ಈ ಕ್ಷಣಿಕ ಜೋಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗಣನೆಯ ವೆಚ್ಚ ನೂರ್ಮಡಿಗೂ ಮಿಕ್ಕಿ ಏರುವುದರಿಂದ, ಬೇರೆ ದಾರಿಯಿಲ್ಲದೆ ಅವನ್ನು ಬಿಟ್ಟೇ ಲೆಕ್ಕ ನಡೆಯುತ್ತಿತ್ತು. ಜಪಾನಿನ ತ್ಸುಕುಬಾದಲ್ಲಿ ಇದಕ್ಕಾಗಿಯೇ ನಿರ್ಮಿಸಿದ ಸಿಪಿ-ಪಾಕ್ಸ್ ಎಂಬ ಯಂತ್ರವು ಕಳೆದ ಶತಮಾನದ ಕೊನೆಯಲ್ಲಿ ಈ ಅರೆಲೆಕ್ಕವನ್ನು ಅದರ ಪರಮಾವಧಿಗೆ ಕೊಂಡೊಯ್ದು, ಫಲಗಳು ಪ್ರಯೋಗಕ್ಕೆ ನೂರಕ್ಕೆ ಹತ್ತರ ಆಸುಪಾಸಿನವರೆಗೆ ವಿರುದ್ಧವಾಗಿವೆಯೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿತು. ಇದಕ್ಕಿಂತಲೂ ಗಂಭೀರವಾದ ಲಕ್ಷಣ ಇನ್ನೊಂದಿತ್ತು: ಅರೆಲೆಕ್ಕದಲ್ಲಿ ಒಂದು ಕಣವನ್ನು ಎರವಲು ಪಡೆದರೆ ಜಾಲಕದ ಅಂತರ ಒಂದಾಗುತ್ತಿತ್ತು, ಮತ್ತೊಂದನ್ನು ಪಡೆದರೆ ಮತ್ತೊಂದಾಗುತ್ತಿತ್ತು. ಒಂದೇ ಸರಪಳಿಗೆ ಎರಡು ಉದ್ದ ಇರಲಾರದಷ್ಟೆ. ಪ್ರಕೃತಿಯದಲ್ಲದ ಸಿದ್ಧಾಂತವೊಂದನ್ನು ಪ್ರಕೃತಿಯ ಅಳತೆಗಳಿಗೆ ಕಟ್ಟಿದಾಗ ಅದು ತನ್ನೊಳಗೇ ಒಡಕು ತೋರಿಸುತ್ತದೆ. ಆದುದರಿಂದ, ಬೇರೆಬೇರೆ ಎರವಲುಗಳಿಂದ ಹೊರಟವರು ಒಂದೇ ಉತ್ತರಕ್ಕೆ ಬಂದು ಸೇರುವರೇ ಎಂಬುದೇ ಗಣನೆಗೆ ಇಡಬಹುದಾದ ಅತ್ಯಂತ ಕಠಿಣವಾದ ಪರೀಕ್ಷೆ. ಕ್ಷಣಿಕ ಜೋಡಿಗಳನ್ನು ಸೇರಿಸಿಕೊಂಡ ಲೆಕ್ಕಗಳು 2004ರ ಹೊತ್ತಿಗೆ ಈ ಪರೀಕ್ಷೆಯಲ್ಲಿ ನಿಲ್ಲತೊಡಗಿದುವು; ಒಂಬತ್ತು ಭಿನ್ನ ಪರಿಮಾಣಗಳಲ್ಲಿ ನೂರಕ್ಕೆ ಹತ್ತರವರೆಗಿದ್ದ ಭೇದ ಮೂರರೊಳಗೆ ಇಳಿಯಿತು. 2008ರಲ್ಲಿ ಯೂರೋಪಿನ ಒಂದು ತಂಡವು ಪ್ರೋಟಾನು ಮೊದಲಾದ ಹಗುರ ಕಣಗಳ ದ್ರವ್ಯರಾಶಿಗಳನ್ನು ಕೆಲವೇ ಶೇಕಡಾ ಅನಿಶ್ಚಿತತೆಯೊಳಗೆ ಮೂಲತತ್ತ್ವದಿಂದಲೇ ಪಡೆಯಿತು. ಅದೇ ಪರಂಪರೆಯವರು 2015ರಲ್ಲಿ ವಿದ್ಯುತ್ಕಾಂತ ಬಲವನ್ನೂ ಸೇರಿಸಿಕೊಂಡು ನ್ಯೂಟ್ರಾನ್ ಪ್ರೋಟಾನುಗಳ ತೂಕದ ವ್ಯತ್ಯಾಸವನ್ನು ಲೆಕ್ಕಹಾಕಿದರು. ಪ್ರಯೋಗದ ಬೆಲೆ 1.293 ಎಂ.ಇ.ವಿ.; ಅವರಿಗೆ ಬಂದದ್ದು 1.51, ಹೆಚ್ಚುಕಡಮೆ 0.28. ಈ ಪುಟ್ಟ ವ್ಯತ್ಯಾಸವು ತಿರುಗುಮುರುಗಾಗಿದ್ದರೆ ಒಂಟಿ ಪ್ರೋಟಾನೇ ಕ್ಷಯಿಸಿಹೋಗಿ, ನಾವು ಕಾಣುವ ನೀರೂ ನಕ್ಷತ್ರಗಳೂ ಇರುತ್ತಿರಲಿಲ್ಲ.

ಆಗಲೇ ತಿಳಿದಿರುವುದನ್ನು ಲೆಕ್ಕದಿಂದ ಪಡೆದು ತೋರಿಸುವುದು ಶ್ರೇಷ್ಠವಾದರೂ, ತಿಳಿಯದಿದ್ದುದನ್ನು ಮುಂಚಿತವಾಗಿ ನುಡಿಯುವುದರಲ್ಲಿ ಬೇರೆಯೇ ಬಗೆಯ ಸಾಹಸವಿದೆ. ಬಾಟಮ್ ಮತ್ತು ಚಾರ್ಮ್ ಕ್ವಾರ್ಕುಗಳು ಕೂಡಿದ ಬಿ-ಸಿ ಎಂಬ ಮೇಸಾನಿನ ದ್ರವ್ಯರಾಶಿ ಇನ್ನೂ ಸರಿಯಾಗಿ ತಿಳಿದಿರದಿದ್ದ ಕಾಲದಲ್ಲಿ, 2004ರಲ್ಲಿ, ಜಾಲಕದ ಗಣಿತಜ್ಞರು ಅದನ್ನು 6304 ಎಂ.ಇ.ವಿ. ಎಂದೂ ಅನಿಶ್ಚಿತತೆ ಸುಮಾರು ಇಪ್ಪತ್ತೆಂದೂ ಸಾರಿದರು. ಮರುವರ್ಷ ಅಮೆರಿಕದ ಫರ್ಮಿಲ್ಯಾಬಿನ ಪ್ರಯೋಗವೊಂದು 6287 ಎಂದು ಅಳೆಯಿತು. ಅಳತೆಯು ನುಡಿದ ಎಲ್ಲೆಯೊಳಗೇ ಇತ್ತು.

ಮತ್ತೊಂದು ಪ್ರಸಂಗವನ್ನು ಇದಕ್ಕಿಂತ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಗಣನೆಯೂ ಪ್ರಯೋಗವೂ ಎದುರುಬದುರಾಗಿ ನಿಂತಿದ್ದುವು. ಎರಡು ಚಾರ್ಮ್ ಕ್ವಾರ್ಕುಗಳೂ ಒಂದು ಹಗುರ ಕ್ವಾರ್ಕೂ ಇರುವ ಕ್ಸೈ-ಸಿಸಿ ಎಂಬ ಬೇರಿಯಾನನ್ನು 3519 ಎಂ.ಇ.ವಿ.ಯಲ್ಲಿ ಕಂಡೆವೆಂದು 2002ರಲ್ಲಿ ಫರ್ಮಿಲ್ಯಾಬಿನ ಸೆಲೆಕ್ಸ್ ಪ್ರಯೋಗದವರು ಪ್ರಕಟಿಸಿದರು. ಜಾಲಕದ ಲೆಕ್ಕಗಳಾದರೋ ಅದಕ್ಕೆ ಒಪ್ಪಲಿಲ್ಲ. ಈಗ ಮುಂಬಯಿಯ ಟಾಟಾ ಸಂಸ್ಥೆಯಲ್ಲಿರುವ ನೀಲಮಣಿ ಮಾಥುರ್ ಅವರೂ ಪಾಲ್ಗೊಂಡಿದ್ದ ಲೆಕ್ಕಗಳು ಮೊದಲ್ಗೊಂಡು, ಬೇರೆಬೇರೆ ತಂಡಗಳು ಬೇರೆಬೇರೆ ವಿಧಾನಗಳಿಂದ 3600ರ ಆಸುಪಾಸಿಗೇ ಬರುತ್ತಿದ್ದುವು. ಹದಿನೈದು ವರ್ಷಗಳ ಕಾಲ ಈ ವೈಷಮ್ಯ ಹಾಗೆಯೇ ಉಳಿಯಿತು. 2017ರ ಜುಲೈ ತಿಂಗಳಿನಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ಎಲ್.ಎಚ್.ಸಿ.ಬಿ. ತಂಡವು, ಹಗುರ ಕ್ವಾರ್ಕು ಮಾತ್ರ ಬೇರೆಯಾದ ಅದರ ಜೊತೆಗಾರ ಕಣವನ್ನು ಕಂಡುಹಿಡಿದಾಗ ಅಳತೆ ಬಂದದ್ದು 3621.4. ಈ ಎರಡು ಜೊತೆಗಾರ ಕಣಗಳ ನಡುವೆ ಎರಡು ಎಂ.ಇ.ವಿ.ಯಷ್ಟು ಮಾತ್ರ ಭೇದವಿರಬಲ್ಲುದೆಂದು ನಾನು ಮೇಲೆ ಹೇಳಿದ 2015ರ ಲೆಕ್ಕವೇ ತಿಳಿಸಿತ್ತಾದ್ದರಿಂದ, ನೂರು ಎಂ.ಇ.ವಿ.ಯ ಅಂತರವನ್ನು ಯಾವ ಸಮಾಧಾನದಿಂದಲೂ ಮುಚ್ಚುವಂತಿರಲಿಲ್ಲ. ಗಣನೆಯವರು ಅಷ್ಟು ವರ್ಷವೂ ತಮ್ಮ ಅಂಕಿಯನ್ನು ಪ್ರಯೋಗದ ಕಡೆಗೆ ಬಾಗಿಸದೆ ಇದ್ದುದು ಈ ಶಾಸ್ತ್ರದ ಚರಿತ್ರೆಯಲ್ಲಿ ನನಗೆ ಬಹು ಪ್ರಿಯವಾದ ಅಧ್ಯಾಯ. ಎರವಲು ಪಡೆದುದು ಯಾವುದು, ಸ್ವಂತದ್ದು ಯಾವುದು ಎಂದು ಮೊದಲೇ ಬರೆದಿಟ್ಟವನಿಗೆ ಮಾತ್ರ ಆ ಸ್ಥೈರ್ಯ ಸಾಧ್ಯ.

ಅದೇ 2017ರಲ್ಲಿ ಎಲ್.ಎಚ್.ಸಿ.ಬಿ.ಯವರು ಎರಡು ಸ್ಟ್ರೇಂಜ್, ಒಂದು ಚಾರ್ಮ್ ಕ್ವಾರ್ಕುಗಳ ಒಮೆಗಾ-ಸಿ ಬೇರಿಯಾನಿನ ಐದು ಉದ್ರಿಕ್ತ ಸ್ಥಿತಿಗಳನ್ನು ಒಟ್ಟಿಗೇ ಕಂಡರು: 3000, 3050, 3066, 3090, 3119 ಎಂ.ಇ.ವಿ. ಪ್ರಯೋಗವು ತೂಕಗಳನ್ನು ಹೇಳಿತಲ್ಲದೆ, ಯಾವುದರ ಭ್ರಮಣ, ಎಂದರೆ ಸ್ಪಿನ್, ಎಷ್ಟೆಂಬುದನ್ನು ಹೇಳಲಿಲ್ಲ. ಎಂ. ಪದ್ಮನಾಥ್ ಮತ್ತು ಮಾಥುರ್ ಅವರು ತಮ್ಮ ಜಾಲಕದ ಲೆಕ್ಕದಲ್ಲಿ ಇಂಥ ಐದು ಸ್ಥಿತಿಗಳನ್ನು ಇದಕ್ಕೆ ಮುಂಚೆಯೇ ಕಂಡಿದ್ದರು. ಪ್ರಯೋಗ ಹೊರಬಂದ ಮೇಲೆ, ಮೊದಲೆರಡು ಸ್ಥಿತಿಗಳ ಭ್ರಮಣ ಅರ್ಧ, ನಡುವಣ ಎರಡರದು ಮೂರರ್ಧ, ಕಡೆಯದರದು ಪ್ರಾಯಶಃ ಐದರ್ಧ ಎಂದು ಹೆಸರಿಸಿದರು. ಇಲ್ಲಿ ಗಣನೆಯು ಪ್ರಯೋಗಕ್ಕೆ ಕಾಣದುದನ್ನು ತುಂಬಿಕೊಟ್ಟಿತು.

ದ್ರವ್ಯರಾಶಿಗಳ ಮಾತಾಯಿತು. ಟಾಟಾ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಸೌರೇಂದು ಗುಪ್ತ, ರಾಜೀವ್ ಗವಾಯ್ ಅವರ ಬಹುಕಾಲದ ಆಸಕ್ತಿ ಬೇರೆಡೆಗೆ: ಅತ್ಯುಷ್ಣದಲ್ಲಿ ಪ್ರೋಟಾನುಗಳೂ ನ್ಯೂಟ್ರಾನುಗಳೂ ಕರಗಿ ಕ್ವಾರ್ಕುಗಳ ದ್ರವವಾಗುವ ತಾಪಮಾನ ಯಾವುದು? ಬ್ರೂಕ್‌ಹೇವನ್ನಿನ ಸ್ಟಾರ್ ಪ್ರಯೋಗದಲ್ಲಿ ಚಿನ್ನದ ಪರಮಾಣುಬೀಜಗಳನ್ನು ಪರಸ್ಪರ ಡಿಕ್ಕಿಹೊಡೆಯಿಸಿದಾಗ ಅಂಥ ದ್ರವ ಕ್ಷಣಮಾತ್ರ ಉಂಟಾಗುತ್ತದೆ. ಆದರೆ ಆ ಬೆಂಕಿಯ ಉಂಡೆಯ ಗಾತ್ರವನ್ನು ಖಚಿತವಾಗಿ ಅಳೆಯುವಂತಿಲ್ಲ, ಗಾತ್ರ ತಿಳಿಯದೆ ಜಾಲಕದ ಅಂಕಿಯೊಡನೆ ತೂಗಿನೋಡುವಂತಿಲ್ಲ. ಗುಪ್ತರು ಕಂಡ ಉಪಾಯವೆಂದರೆ, ಒಂದು ಡಿಕ್ಕಿಯಿಂದ ಮತ್ತೊಂದಕ್ಕೆ ಪ್ರೋಟಾನುಗಳ ಸಂಖ್ಯೆ ಏರಿಳಿಯುವ ಬಗೆಯನ್ನು ಹಿಡಿದು, ಆ ಏರಿಳಿತದ ಬೇರೆಬೇರೆ ಪರಿಮಾಣಗಳ ನಿಷ್ಪತ್ತಿಗಳನ್ನು ತೆಗೆದುಕೊಳ್ಳುವುದು. ನಿಷ್ಪತ್ತಿಯಲ್ಲಿ ಗಾತ್ರವು ತಾನಾಗಿಯೇ ಅಳಿದುಹೋಗುತ್ತದೆ. ಗುಪ್ತ, ಬೇದಾಂಗದಾಸ್ ಮೊಹಂತಿ ಹಾಗೂ ಇತರ ಮೂವರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಮಾರ್ಗದಿಂದ ಪಡೆದ ತಾಪಮಾನವನ್ನು 175 ಎಂ.ಇ.ವಿ. ಎಂದು ಪ್ರಕಟಿಸಿದರು, ಎಂದರೆ ಸುಮಾರು ಎರಡು ಲಕ್ಷ ಕೋಟಿ ಡಿಗ್ರಿ. ಪ್ರಯೋಗದ ಏರಿಳಿತಗಳಿಂದಲೇ ಜಾಲಕದ ತಾಪಮಾನಕ್ಕೆ ಅಳತೆಗೋಲು ದೊರೆತದ್ದು ಅದೇ ಮೊದಲು.

ಆ ಅಂಕಿ ಅಂತಿಮವಾದುದಲ್ಲ. ಅಂದಿನ ಜಾಲಕವು ಒರಟಾಗಿತ್ತು, ಅದರ ಮೇಲಣ ಪಯಾನು ನಿಜವಾದ ಪಯಾನಿಗಿಂತ ಭಾರವಾಗಿತ್ತು. ಮುಂದಿನ ಸೂಕ್ಷ್ಮತರ ಲೆಕ್ಕಗಳು ಕರಗುವ ತಾಪಮಾನವನ್ನು 156 ಎಂ.ಇ.ವಿ.ಯ ಸುಮಾರಿಗೆ ಇಳಿಸಿವೆ. ಪ್ರಯೋಗದ ಕಡೆಯಲ್ಲಿಯೂ ಒಂದು ಕೊರತೆಯಿದೆ: ಜಾಲಕವು ಲೆಕ್ಕಹಾಕುವುದು ಬೇರಿಯಾನುಗಳೆಲ್ಲದರ ಏರಿಳಿತವನ್ನು, ಶೋಧಕವು ಎಣಿಸುವುದು ಪ್ರೋಟಾನುಗಳನ್ನು ಮಾತ್ರ, ವಿದ್ಯುದಾವೇಶವಿಲ್ಲದ ನ್ಯೂಟ್ರಾನು ಅದರ ಕಣ್ಣಿಗೆ ಬೀಳುವುದಿಲ್ಲ. ಆದರೂ ಆ ಮಾರ್ಗ ಉಳಿಯಿತು, ಬೆಳೆಯಿತು. ಇಂದು ಹಲವು ಪ್ರಯೋಗಶಾಲೆಗಳು ಅಳೆಯುತ್ತಿರುವುದು ಅದೇ ನಿಷ್ಪತ್ತಿಗಳನ್ನು.

ಕನ್ನಡ ನೆಲದ ಒಂದು ಹಳೆಯ ಪ್ರಯತ್ನಕ್ಕೂ ಈ ವಿದ್ಯೆಗೂ ಇರುವ ನಂಟನ್ನು ಈ ಸಭೆಯಲ್ಲಿ ಹೇಳದೆ ಬಿಡಲಾರೆ. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ, ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರಂಥವರು 1950ರ ದಶಕದಲ್ಲಿಯೇ ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಮೊದಲು ಗೋಚರಿಸಿದ ಸ್ಥಾನಗಳಲ್ಲಿ ಆ ಗಣಿಯೂ ಒಂದು. 1980ರಿಂದ ಅಲ್ಲಿಯೇ ಭಾರತ ಜಪಾನುಗಳ ವಿಜ್ಞಾನಿಗಳು ಕಬ್ಬಿಣದ ಒಂದು ದೊಡ್ಡ ಶೋಧಕವನ್ನು ಇಟ್ಟು, ಪ್ರೋಟಾನು ಎಂದಾದರೂ ಸಾಯುವುದೇ ಎಂದು ಕಾದರು. ಬಲಗಳೆಲ್ಲವೂ ಮೂಲದಲ್ಲಿ ಒಂದೇ ಎನ್ನುವ ಸಿದ್ಧಾಂತಗಳ ಪ್ರಕಾರ ಅದು ಸಾಯಬೇಕು. ಆಗ ಕಾಣಿಸಿದಂತಾದ ಕೆಲವು ಘಟನೆಗಳನ್ನು ಅನಂತರದ ದೊಡ್ಡ ಪ್ರಯೋಗಗಳು ಸಮರ್ಥಿಸಲಿಲ್ಲ. ಇಂದು ಜಪಾನಿನಲ್ಲಿರುವ ಅಂಥದೊಂದು ಶೋಧಕವು, ಪ್ರೋಟಾನು ಪಾಸಿಟ್ರಾನು ಪಯಾನುಗಳಾಗಿ ಒಡೆಯುವ ಮಾರ್ಗದಲ್ಲಿ ಅದರ ಆಯುಸ್ಸನ್ನು ಹತ್ತರ ಮೂವತ್ತನಾಲ್ಕನೆಯ ಘಾತದಷ್ಟು ವರ್ಷಗಳಿಗೂ ಮೇಲೆಂದು ಹೇಳುತ್ತಿದೆ. ಆದರೆ ಇಂಥ ಅಂಕಿಯು ಒಂದು ಸಿದ್ಧಾಂತವನ್ನು ತಳ್ಳಿಹಾಕುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಲು, ಪ್ರೋಟಾನಿನೊಳಗೆ ಮೂರು ಕ್ವಾರ್ಕುಗಳು ಒಂದೇ ಬಿಂದುವಿನಲ್ಲಿ ಸಂಧಿಸುವ ಸಂಭಾವ್ಯತೆ ಎಷ್ಟೆಂದು ತಿಳಿದಿರಬೇಕು. ಹಿಂದಿನ ಮಾದರಿಗಳು ಇದಕ್ಕೆ ಕೊಟ್ಟ ಪರಿಮಾಣಗಳಲ್ಲಿ ಹತ್ತರಷ್ಟು ವ್ಯತ್ಯಾಸವಿತ್ತು. ಆಯುಸ್ಸು ಆ ಪರಿಮಾಣದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದಾದ್ದರಿಂದ ನೂರರಷ್ಟು ಸಂದೇಹ ಉಳಿಯುತ್ತಿತ್ತು. ಆ ಸಂದೇಹವನ್ನು ತೊಡೆದದ್ದು ಜಾಲಕದ ಗಣನೆಯೇ. ಗಣಿಯ ಆಳದಲ್ಲಿ ಕಾದವರ ಪ್ರಶ್ನೆಗೆ ಬೇಕಾಗಿದ್ದ ಅಂಕಿಗಳಲ್ಲಿ ಒಂದನ್ನು ಗಣಕದವರು ಒದಗಿಸಿದರು.

ಕಡೆಯದಾಗಿ, ಇನ್ನೂ ಸಾಕ್ಷ್ಯಕ್ಕಾಗಿ ಕಾದಿರುವ ಒಂದು ನುಡಿಯನ್ನು ನಿಮ್ಮ ಮುಂದಿಡುತ್ತೇನೆ. 2023ರಲ್ಲಿ ಮಾಥುರ್, ಪದ್ಮನಾಥ್, ದೇಬಶುಭ್ರ ಚಕ್ರವರ್ತಿ ಇವರು, ಮೂರು ಮೂರು ಬಾಟಮ್ ಕ್ವಾರ್ಕುಗಳ ಎರಡು ಬೇರಿಯಾನುಗಳು ಒಂದಕ್ಕೊಂದು ಅಂಟಿಕೊಳ್ಳುವುವೇ ಎಂದು ಜಾಲಕದ ಮೇಲೆ ಪರಿಶೀಲಿಸಿದರು. ಪ್ರೋಟಾನೂ ನ್ಯೂಟ್ರಾನೂ ಕೂಡಿದ ಡ್ಯೂಟೆರಾನನ್ನು ಹಿಡಿದಿಟ್ಟಿರುವ ಬಂಧನಶಕ್ತಿ 2.2 ಎಂ.ಇ.ವಿ. ಮಾತ್ರ, ಇವರಿಗೆ ಬಂದ ಬಂಧನಶಕ್ತಿ 81 ಎಂ.ಇ.ವಿ., ಅನಿಶ್ಚಿತತೆ ಹದಿನೈದರ ಸುಮಾರು. ಪ್ರಕೃತಿಯಿಂದ ಎರವಲು ಪಡೆದುದು ಇಲ್ಲಿಯೂ ಅವೇ ಕೆಲವು ಅಳತೆಗಳು. ಆದರೆ ಆರು ಬಾಟಮ್ ಕ್ವಾರ್ಕುಗಳ ಮಾತು ಹಾಗಿರಲಿ, ಮೂರು ಬಾಟಮ್ ಕ್ವಾರ್ಕುಗಳ ಒಂಟಿ ಬೇರಿಯಾನನ್ನೇ ಯಾವ ಪ್ರಯೋಗವೂ ಇಂದಿನವರೆಗೆ ಕಂಡಿಲ್ಲ. ಅದು ಕಾಣುವ ತನಕ ಈ 81ಕ್ಕೆ ಇರುವ ಪರೀಕ್ಷೆ ಒಂದೇ: ಬೇರೊಂದು ತಂಡವು ಬೇರೊಂದು ಜಾಲಕದ ಮೇಲೆ, ಬೇರೆ ಕಣವನ್ನು ಎರವಲು ಪಡೆದು, ಅದೇ ಲೆಕ್ಕವನ್ನು ಮೊದಲಿನಿಂದ ಮಾಡಬೇಕು.